ಬೆಳ್ಳಿಯ ಅಂಟು

ತ್ಸುಕುಬಾದ ನಮ್ಮ ಪ್ರಯೋಗಾಲಯದಲ್ಲಿ ಹಿಸಾಯೊ ನುಕಾಗಾ ಇಪ್ಪತ್ತಾರು ವರ್ಷ ಹರಳು ಬೆಳೆಸಿದರು. ಕಬ್ಬಿಣ, ಸೆಲೆನಿಯಂ ತುಂಬಿದ ಗಾಜಿನ ಕೊಳವೆಯನ್ನು ಕುಲುಮೆಯೊಳಗೆ ಮಲಗಿಸಿ ಏಳು ವಾರ ಕಾಯುವ ಕೆಲಸ. ಪ್ರಬಂಧಗಳ ಕೊನೆಯಲ್ಲಿ ಅವರಿಗೆ ಒಂದು ಸಾಲಿನ ಕೃತಜ್ಞತೆ. ಆದರೆ ಎಲ್ಲರೂ ‘ನುಕಾಗಾ ಹರಳು’ ಎನ್ನುತ್ತಿದ್ದರು. ಅವರಿಗೆ ಅಷ್ಟು ಸಾಕಾಗಿತ್ತು.

ಕಳೆದ ವಸಂತದಲ್ಲಿ ಉಮೆಮಿಯಾ ಎಂಬ ಹೊಸ ಸಂಶೋಧಕ ಬಂದ. ಅವನ ಹರಳುಗಳು ಕಿರುಬೆರಳ ಉಗುರಿನಷ್ಟು ಅಗಲ. ಊಟದ ಹೊತ್ತಿನಲ್ಲಿ ಜನ ಅವನನ್ನೇ ಹುಡುಕಿಕೊಂಡು ಬರತೊಡಗಿದರು.

“ದೊಡ್ಡದಿದ್ರೆ ಆಯ್ತಾ? ಕುಂಬಳಕಾಯೂ ದೊಡ್ಡದೇ,” ಎಂದರು ಹಿಸಾಯೊ.

“ನಿಮಗೆ ಹೊಟ್ಟೆಕಿಚ್ಚು, ನುಕಾಗಾ ಸಾನ್,” ಎಂದೆ ನಾನು.

“ಹೌದು. ಸುಮ್ನೆ ಊಟ ಮಾಡು.”

ಅಳೆಯುವ ಯಂತ್ರ ನನ್ನದು. ಒಂದನ್ನೊಂದು ದೂರ ತಳ್ಳುವ ಎಲೆಕ್ಟ್ರಾನುಗಳು ಈ ಹರಳಿನಲ್ಲಿ, ಕಡುಚಳಿಯಲ್ಲಿ, ಜೋಡಿಯಾಗುತ್ತವೆ. ಆ ಜೋಡಿ ಯಾವ ದಿಕ್ಕಿನಲ್ಲಿ ಗಟ್ಟಿ ಎಂದು ಕಾಣಬೇಕಾದರೆ ನಿರ್ವಾತದೊಳಗೆ ಹರಳನ್ನು ಸೀಳಿ ಹೊಸ ಮೈ ತೆರೆಯಬೇಕು. ಅದಕ್ಕೆ ಮೇಲೊಂದು ಪುಟ್ಟ ಕಡ್ಡಿಯನ್ನು ಬೆಳ್ಳಿಯ ಅಂಟಿನಿಂದ ನಿಲ್ಲಿಸಿ, ತಟ್ಟಿ ಬೀಳಿಸುತ್ತೇವೆ. ಮೇಲಿನ ಪದರ ಜೊತೆಗೇ ಕಿತ್ತು ಬರುತ್ತದೆ. ಅಂಟಿಸುವ ಕೆಲಸ ಹಿಸಾಯೊ ಅವರದು. ಅಷ್ಟು ನಡುಗದ ಕೈ ನಮ್ಮಲ್ಲಿ ಇನ್ನೊಂದಿಲ್ಲ.

ಆ ವಾರ ಇಬ್ಬರ ಹರಳೂ ಒಟ್ಟಿಗೆ ಒಳಹೋದವು. ಉಮೆಮಿಯಾನ ಹರಳಿನ ಕಡ್ಡಿಯನ್ನು ನಾನು ತಟ್ಟಿದೆ. ಕಡ್ಡಿ ಮಾತ್ರ ಬಿತ್ತು, ಹರಳು ಸೀಳಲಿಲ್ಲ. ಹಿಸಾಯೊ ಅವರದು ಚೆನ್ನಾಗಿ ಸೀಳಿತು. ಆದರೆ ಒಳಗೆ ಎರಡು ದಿಕ್ಕಿನ ತುಣುಕುಗಳು ಬೆರೆತಿದ್ದರಿಂದ ಪರದೆಯ ಮೇಲಿನ ಗೆರೆಗಳೆಲ್ಲ ಮಸುಕು.

ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಸೆನ್ಸೇ ಎದುರು ಉಮೆಮಿಯಾ ತಲೆ ತಗ್ಗಿಸಿದ. “ನನ್ನ ಹರಳೇ ಸರಿಯಿಲ್ಲ ಅನ್ಸತ್ತೆ, ಕ್ಷಮಿಸಿ. ನುಕಾಗಾ ಸಾನ್ ಹರಳಲ್ಲೇ ಮುಗಿಸೋಣ, ಸೆನ್ಸೇ.”

ಹಿಸಾಯೊ ಚಿಮಟ ಒರೆಸುತ್ತಿದ್ದರು. ಸುಮ್ಮನಿದ್ದರೆ ಸಾಕಿತ್ತು. ಬಹಳ ಹೊತ್ತು ಒರೆಸಿದರು.

“ಅವನ ಹರಳು ಸರಿಯಾಗೇ ಇದೆ. ಅಂಟು ನಾನು ಕಡಿಮೆ ಹಾಕ್ದೆ.”

“ಮರೆತ್ರಾ?” ಎಂದರು ಸೆನ್ಸೇ.

“ಮರೆತಿದ್ದಲ್ಲ.”

ಯಾರೂ ಅವರ ಮುಖ ನೋಡಲಿಲ್ಲ. ಅವರು ಉಮೆಮಿಯಾನ ಮುಂದೆ ಅಂಗೈ ಚಾಚಿದರು. “ಇನ್ನೊಂದಿದೆಯಲ್ಲ, ಕೊಡಿ.”

ನಮ್ಮೆಲ್ಲರ ಎದುರೇ ಅಂಟಿಸಿದರು. ಮರುದಿನ ಮಧ್ಯಾಹ್ನ ಆ ಹರಳು ಕನ್ನಡಿಯಂತೆ ತೆರೆದುಕೊಂಡಿತು. ಒಂದು ದಿಕ್ಕಿನಲ್ಲಿ ಜೋಡಿ ಗಟ್ಟಿ, ಅದಕ್ಕೆ ಅಡ್ಡಲಾಗಿ ಇಲ್ಲವೆನ್ನುವಷ್ಟು ತೆಳು. ಪರದೆಯ ಮೇಲೆ ಎಲ್ಲವೂ ಸ್ಪಷ್ಟ. ಉಮೆಮಿಯಾನ ಕಣ್ಣು ತುಂಬಿತು.

ಹಿಸಾಯೊ ಹಿಂದೆ ನಿಂತು ನೋಡಿದರು.

“ಚೆನ್ನಾಗಿದೆ,” ಎಂದರು, ಅನ್ನದಲ್ಲಿ ಕಲ್ಲು ಸಿಕ್ಕವರಂತೆ. ಬಾಗಿಲವರೆಗೆ ಹೋಗಿ, ನಿಂತು, ತಿರುಗದೆಯೇ ಸೇರಿಸಿದರು: “ನನ್ನದಕ್ಕಿಂತ.”