ಅವ್ವ ಹೊಯ್ದ ನೀರು

ಅಂಬಾಬಾಯಿ ಕಲಿತ ವಿದ್ಯೆ ಒಂದೇ: ಹೊಸ ಕಾಂಕ್ರೀಟಿಗೆ ನೀರು ಹೊಯ್ಯುವುದು. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಹದಿನೆಂಟು ವರ್ಷ. ಅಲ್ಲಿನ ಕೊಂಢವಾ ಬಡಾವಣೆಯ ಎಷ್ಟೋ ಕಟ್ಟಡಗಳು ಅವಳ ಕೊಡದ ನೀರು ಕುಡಿದೇ ಗಟ್ಟಿಯಾದವು. ಸವೆದದ್ದು ಅವಳ ಬಲಭುಜ. ಈಗ ಎಡಗಡೆ ಕೊಡ ಹೊತ್ತು ಕೆಲಸ ಸಾಗಿಸುತ್ತಾಳೆ; ಬಲಗೈಯೆತ್ತಿ ತಲೆ ಬಾಚಿಕೊಳ್ಳಲೂ ಆಗದು; ಮಗಳು ಭಾಗ್ಯಾಳೇ ಹೆರಳು ಹಾಕಬೇಕು.

ಆ ಭುಜಕ್ಕೆ ಬಿಡುವು ಕೊಡಿಸಲೆಂದೇ ಭಾಗ್ಯಾ ಸಿವಿಲ್ ಇಂಜಿನಿಯರಿಂಗ್ ಹಿಡಿದಿದ್ದಳು. ಕೊನೆಯ ವರ್ಷ ಅವಳು ಕೈಹಾಕಿದ್ದು, ಮೇಲೆ ನೀರು ಹೊಯ್ಯದೆ ತಾನಾಗಿಯೇ ಗಟ್ಟಿಯಾಗುವ ಕಾಂಕ್ರೀಟಿಗೆ. ಕಬ್ಬಿನ ಸಿಪ್ಪೆಯ ಬೂದಿ ಬೆರೆಸಿ ಇಟ್ಟಿಗೆಯಂಥ ಹನ್ನೆರಡು ಗಟ್ಟಿಗಳನ್ನು ಎರೆದು, ತಾವಿದ್ದ ತಗಡಿನ ಶೆಡ್ಡಿನ ಹಿಂದೆ ಇಪ್ಪತ್ತೆಂಟು ದಿನ ಬಿಸಿಲಿಗಿಟ್ಟಳು. “ಇವನ್ನ ಮುಟ್ಟಬ್ಯಾಡವ್ವಾ” ಎಂದಷ್ಟೇ ಹೇಳಿ ದಿನಾ ಆರೂವರೆಯ ಬಸ್ಸು ಹಿಡಿಯುತ್ತಿದ್ದಳು. ಅವ್ವನಿಗೆ ಬಿಡಿಸಿ ಹೇಳಲು ಯಾರಿಗೆ ಪುರುಸೊತ್ತು? ಓದಿದ ಮಕ್ಕಳು ಲೋಕಕ್ಕೆಲ್ಲ ಪಾಠ ಹೇಳುತ್ತಾರೆ, ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ಕಾಲೇಜಿನ ಯಂತ್ರದಲ್ಲಿ ಒಂಬತ್ತನ್ನು ಒಡೆದು ನೋಡಿದಾಗ ಗಟ್ಟಿಗಳು ಕಲ್ಲಿನಂತಿದ್ದವು. ಕಾಲೇಜಿನ ಸುತ್ತು ಗೆದ್ದಾಯಿತು. ಇನ್ನು ವಿಶ್ವವಿದ್ಯಾಲಯದ ಸಂಶೋಧನಾ ಪ್ರದರ್ಶನ. ಅಲ್ಲಿ ಮೊದಲ ಬಹುಮಾನ ಬಂದರೆ ಮುಂದಿನ ಓದಿಗೆ ವಿದ್ಯಾರ್ಥಿವೇತನ. ಇಲ್ಲವಾದರೆ ಅವಳ ಓದು ಅಲ್ಲಿಗೇ ಮುಗಿದಂತೆ.

ಆ ದಿನ ಅಂಬಾಬಾಯಿ ಕೆಲಸಕ್ಕೆ ರಜೆ ಹಾಕಿ, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮಗಳ ಮೇಜಿನ ಪಕ್ಕದಲ್ಲಿ ನಿಂತು ಉಳಿದ ಮೂರು ಗಟ್ಟಿಗಳ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು. ತೀರ್ಪುಗಾರ್ತಿ ಸ್ನೇಹಲ್ ಮೇಡಂ ಎಲ್ಲ ಕೇಳಿ ಮೆಚ್ಚಿ ತಲೆದೂಗಿದರು. ಹೊರಡುವ ಮುನ್ನ, ತಾಯಿಯೂ ಒಂದು ಮಾತಾಡಲಿ ಎಂಬ ಪ್ರೀತಿಗೆ, ಇವನ್ನು ನೀವೇ ನೋಡಿಕೊಂಡಿರಾ ಎಂದು ಮರಾಠಿಯಲ್ಲಿ ಕೇಳಿದರು.

ಅಂಬಾಬಾಯಿ ಹಿಗ್ಗಿಹೋದಳು. ತನಗೆ ಬರುವಷ್ಟು ಮರಾಠಿಯಲ್ಲಿ ಹೇಳಿಯೇಬಿಟ್ಟಳು: ದಿನಾ ಮುಂಜಾನೆ ಇವಳು ಬಸ್ಸಿಗೆ ಹೋದಮೇಲೆ ಒಂದು ಕೊಡ ನೀರು ಹೊಯ್ದಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ. ಮಗಳು ಮುಟ್ಟಬೇಡ ಎಂದಿದ್ದಳು. ಮುಟ್ಟಿಲ್ಲ, ಮೇಲಿನಿಂದಲೇ ಹೊಯ್ದಿದ್ದೇನೆ.

ಮೇಡಂ ಭಾಗ್ಯಾಳ ಮುಖ ನೋಡಿದರು. ‘ಅವು ಬೇರೆ ಗಟ್ಟಿಗಳು’ ಎಂಬ ಸುಳ್ಳು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅಷ್ಟು ಜನರೆದುರು ಅವ್ವ ಸುಳ್ಳುಗಾರ್ತಿಯಾಗುತ್ತಿದ್ದಳು. ಭಾಗ್ಯಾ ತಲೆ ತಗ್ಗಿಸಿದಳು. ಮೇಡಂ ಅಂಕದ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಮುಂದಿನ ಮೇಜಿಗೆ ನಡೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದನ್ನು ತಟ್ಟಿ ಕೆಡವಿದ್ದು ಹೆತ್ತ ಕೈಯೇ ಆದರೆ ಯಾರನ್ನು ಬೈಯುವುದು?

ಸಂಜೆ ಬಸ್ಸಿನಲ್ಲಿ ಗಟ್ಟಿಗಳ ಚೀಲ ಭಾಗ್ಯಾಳ ತೊಡೆಯ ಮೇಲಿತ್ತು.

“ಏನ ತಪ್ಪ ಮಾಡಿದೆ ನಾ? ಹೇಳರ ಹೇಳ.”

ಭಾಗ್ಯಾ ಮೊದಲ ಸಲ ಬಿಡಿಸಿ ಹೇಳಿದಳು. “ನೀರ ಹೊಯ್ಯದಿದ್ರೂ ಗಟ್ಟಿ ಆಗ್ತಾವಂತ ತೋರಸಬೇಕಿತ್ತವ್ವ. ಮುಂದ ಯಾರೂ ನಿನ್ನಂಗ ಕೊಡ ಹೊತ್ತು ಮ್ಯಾಲ ಹತ್ತೋದು ಬ್ಯಾಡಂತ.”

ಅಂಬಾಬಾಯಿ ಚೀಲದ ಮೇಲಿನಿಂದಲೇ ಗಟ್ಟಿಗಳನ್ನು ತಡವಿದಳು.

“ನೀರ ಹೊಯ್ಯೋದೇ ಬ್ಯಾಡಾದ್ರ,” ಎಂದಳು, “ನನ್ನ ಕೆಲಸಕ್ಕ ಯಾರ ಕರೀತಾರ?”

ಇಷ್ಟು ವರ್ಷ ಓದಿದವಳಿಗೆ ಈ ಪ್ರಶ್ನೆ ಒಂದು ಸಲವೂ ಹೊಳೆದಿರಲಿಲ್ಲ. ಅವ್ವ ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತ, ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತಿದ್ದಳು.