ಬಿಸಿ ಗಾಡಿ ಮುಟ್ಟದ ಲಾರೆನ್ಸ್

ಗಾಡಿ ತಂದು ನಿಲ್ಲಿಸಿದರೆ ಏನಾಗಿದೆ ಎಂದು ಲಾರೆನ್ಸ್ ಕೇಳುತ್ತಿರಲಿಲ್ಲ. ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಇಲ್ಲೇ ಬಿಟ್ಟು ಹೋಗಿ, ಬೆಳಗ್ಗೆ ನೋಡಣ" ಎಂದು ಬೇರೆ ಕೆಲಸಕ್ಕೆ ತಿರುಗಿಬಿಡುತ್ತಿದ್ದ. ಬೆಳಗಿನ ಹೊತ್ತು ತೊಂದರೆ ಕೊಡುವ ಗಾಡಿ ಯಾರದೇ ಆಗಿರಲಿ, ಅವನದು ಇದೊಂದೇ ಮಾತು. "ಬಿಸಿ ಇಂಜಿನ್ನು ಎಲ್ಲಾ ಚೆನ್ನಾಗಿದೆ ಅಂತ ಸುಳ್ಳು ಹೇಳ್ತದೆ ಮಾರಾಯ್ರೆ. ತಣ್ಣಗಿದ್ದಾಗ ಕೇಳ್ಬೇಕು. ಆಗ ಬಾಯಿ ಬಿಡ್ತದೆ."

ಮೇಳಿಗೆ ಊರು ದಾಟಿದ ಮೇಲೆ ಒಂದು ತಿರುವಿನಲ್ಲಿ ತಗಡು ಹೊದಿಸಿದ ಅವನ ಗ್ಯಾರೇಜು. ನನಗಿಂತ ಬಹಳ ಚಿಕ್ಕವನು. ಸಣಕಲು ಆಳು. ಬೇಸಿಗೆಯಲ್ಲೂ ತಲೆಗೆ ಮಂಕಿ ಕ್ಯಾಪು, ಅದರಿಂದ ಒಂದು ಕಿವಿ ಮಾತ್ರ ಹೊರಗೆ. ಆ ಕಿವಿಗೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿ ಒತ್ತಿಕೊಂಡು, ತುದಿಯನ್ನು ಇಂಜಿನ್ನಿಗೆ ತಾಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ನಡುವೆ ಯಾರಾದರೂ ಬಾಯಿ ಹಾಕಿದರೆ, "ಶ್! ಅದು ಮಾತಾಡ್ತಾ ಉಂಟು. ನಿಮ್ದು ಆಮೇಲೆ" ಎನ್ನುತ್ತಿದ್ದ.

ನನ್ನದು ಹಳೆಯ ಡೀಸೆಲ್ ಪಿಕಪ್ಪು. ಊರಿನ ಹಾಲಿನ ಕ್ಯಾನುಗಳನ್ನು ಬೆಳಗ್ಗೆ ಡೇರಿಗೆ ಮುಟ್ಟಿಸುವುದು ನನ್ನ ಕೆಲಸ. ಆ ವರ್ಷ ಚಳಿ ಶುರುವಾದಾಗ ಗಾಡಿಗೆ ಏನೋ ಹಿಡಿಯಿತು. ಸ್ಟಾರ್ಟ್ ಆಗುತ್ತಿತ್ತು. ಆದರೆ ಆಕ್ಸಿಲರೇಟರ್ ಒತ್ತಿದರೆ ಉಸಿರು ಸಿಕ್ಕಿಕೊಂಡವರ ಹಾಗೆ ತಡೆಯುತ್ತಿತ್ತು; ಬಿಳಿ ಹೊಗೆ ಉಗುಳಿ, ಮೈ ಅದುರಿಸಿ, ಆಮೇಲೆ ಎಳೆಯುತ್ತಿತ್ತು. ಸ್ವಲ್ಪ ದೂರ ಓಡಿ ಬಿಸಿಯಾದರೆ ಏನೂ ಇಲ್ಲ. ಬೇರೆ ಕಡೆ ತೋರಿಸಿದ್ದಕ್ಕೆ ಹೀಟರ್ ಪ್ಲಗ್ ಬದಲಾಯಿಸಿದರು, ಫಿಲ್ಟರ್ ಬದಲಾಯಿಸಿದರು. ತಡೆಯುವುದು ನಿಲ್ಲಲಿಲ್ಲ.

ನಮ್ಮ ಮನೆ ತಗ್ಗಿನಲ್ಲಿ. ಟಾರು ರಸ್ತೆಗೆ ಬರಬೇಕಾದರೆ ಕಡಿದಾದ ಮಣ್ಣಿನ ಏರು, ಅದರ ಒಂದು ಪಕ್ಕಕ್ಕೆ ಹಳ್ಳ. ಒಂದು ಬೆಳಗ್ಗೆ ಆ ಏರಿನ ಅರ್ಧದಲ್ಲಿ ಇಂಜಿನ್ ತಡೆದು ನಿಂತೇಹೋಯಿತು. ಬ್ರೇಕ್ ತುಳಿದರೂ ಇಬ್ಬನಿಗೆ ನೆನೆದ ಮಣ್ಣಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಹಳ್ಳದ ಅಂಚಿನ ಹಲಸಿನ ಮರಕ್ಕೆ ಗುದ್ದಿ ನಿಂತಿತು. ಕ್ಯಾನಿನ ಮುಚ್ಚಳ ಹಾರಿ, ಹಾಲು ಕೆಂಪು ಮಣ್ಣಿನ ಮೇಲೆ ಹರಿದು ಸದ್ದಿಲ್ಲದೆ ಹಳ್ಳಕ್ಕೆ ಇಳಿಯುತ್ತಿತ್ತು. ಸ್ಟೀರಿಂಗ್ ಹಿಡಿದುಕೊಂಡೇ ಕನ್ನಡಿಯಲ್ಲಿ ಅದನ್ನು ನೋಡುತ್ತ ಕೂತಿದ್ದೆ. ಪಕ್ಕದ ಸೀಟಿನಲ್ಲಿ ಸುಮಾ ಇದ್ದಿದ್ದರೆ?

ಸುಮಾ ನನ್ನ ಮಗಳು. ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಮಗು ಇನ್ನೂ ಅಡ್ಡವೇ ಇದೆ, ನೋವು ಕಾಣಿಸಿದರೆ ಒಂದು ಗಳಿಗೆಯೂ ತಡ ಮಾಡಬೇಡಿ ಎಂದು ತೀರ್ಥಹಳ್ಳಿಯ ಡಾಕ್ಟರಮ್ಮ ಹೇಳಿದ್ದರು. ನಮ್ಮ ತಗ್ಗಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಆಂಬುಲೆನ್ಸ್ ಕರೆಯಬೇಕೆಂದರೂ ಏರು ಹತ್ತಲೇಬೇಕು. ಗಾಡಿಯನ್ನೇ ಮೇಲೆ ನಿಲ್ಲಿಸೋಣವೆಂದರೆ ಆ ಹೊಟ್ಟೆ ಹೊತ್ತುಕೊಂಡು ಅವಳು ಹತ್ತುವ ಹಾಗಿರಲಿಲ್ಲ. ನೋವು ಬೆಳಗಿನ ಜಾವವೇ ಬಂದರೆ?

ಲಾರೆನ್ಸನ ಹತ್ತಿರ ಓಡಿದೆ. ಅಂಗೈ ಇಟ್ಟ. "ಗಣಪಣ್ಣ, ಓಡಿ ಬಂದು ಬಿಸಿಯಾಗಿದೆ ಇದು. ಬಿಟ್ಟು ಹೋಗಿ."

"ಬಿಟ್ಟು ಹೋದ್ರೆ ಮಗಳನ್ನ ಎಂತದ್ರಲ್ಲಿ ಕರ್ಕೊಂಡು ಹೋಗ್ಲಿ ಮಾರಾಯ?"

ಅವನು ಗಾಡಿ ನೋಡುವುದನ್ನು ಬಿಟ್ಟು ನನ್ನ ಮುಖ ನೋಡಿದ. "ಹಂಗಾದ್ರೆ ನಾನೇ ಬರ್ತೀನಿ. ನಾಳೆ ಬೆಳಕು ಹರಿಯೋದ್ರೊಳಗೆ."

ಸ್ಕೂಟರನ್ನು ಮೇಲೆ ರಸ್ತೆಯಲ್ಲಿ ಬಿಟ್ಟು, ಮಂಜಿನೊಳಗಿಂದ ಇಳಿದು ಬಂದ. ಬಂದವನೇ ಬಾನೆಟ್ ಮುಟ್ಟಿ ಕೈಯನ್ನು ಸರಕ್ಕನೆ ಹಿಂದಕ್ಕೆಳೆದ. "ಯಾರು ಇದನ್ನ ಸ್ಟಾರ್ಟ್ ಮಾಡಿದ್ದು?"

ನನ್ನ ಹೆಂಡತಿ ಸರೋಜ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಯಾರೇ ಬರುತ್ತಾರೆಂದರೂ ನೀರು ಕಾಸಿ, ಹಾಲು ಕಾಸಿ ಇಡುವವಳು ಅವಳು. ನಾನು ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದಾಗ ಕೀ ತಿರುಗಿಸಿ ಇಡುವುದು ಮೊದಲಿನಿಂದಲೂ ಅವಳ ರೂಢಿ. "ನಾನೇ ಲಾರೆನ್ಸಣ್ಣ. ಪಾಪ, ಚಳೀಲಿ ಬರ್ತೀರಿ. ಗಾಡಿ ಬಿಸಿಯಾಗ್ಲಿ ಅಂತ ಕಾಯೋದು ಬೇಡ ಅಂತ ಆಗ್ಲೇ ಚಾಲೂ ಮಾಡಿ, ಬಿಸಿ ಮಾಡಿ ನಿಲ್ಸಿದ್ದೆ."

"ಅಯ್ಯೋ ಅಕ್ಕಾ! ನಂಗಿಂತ ಮುಂಚೆ ಗಾಡಿಗೇ ಕಾಫಿ ಕೊಟ್ಬಿಟ್ರಾ!"

ಜಗಲಿಯಲ್ಲಿ ಕೂತಿದ್ದ ಸುಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಇನ್ನೊಂದು ದಿನ ಹೋಯಿತು ಎಂದಷ್ಟೇ ಹೊಳೆಯಿತು.

ಬಂದದ್ದು ದಂಡವಾಗದಿರಲಿ ಎಂದು ಲಾರೆನ್ಸ್ ಚೀಲದಿಂದ ಗಾರೆಯವರು ಮಟ್ಟ ನೋಡುವ ಪೈಪಿನ ಒಂದು ತುಂಡು ತೆಗೆದು, ಡೀಸೆಲ್ ಪಂಪಿಗೆ ಹೋಗುವ ದಾರಿಯಲ್ಲಿ ಸಿಕ್ಕಿಸಿದ. ಒಳಗಿರುವುದೆಲ್ಲ ಹೊರಗೆ ಕಾಣುವ ಪೈಪು. "ಒಳಗೆ ಹೋಗೋದು ಬರೀ ಡೀಸೆಲ್ಲಾ, ಗಾಳಿಯೂ ಉಂಟಾ ಅಂತ ಇದ್ರಲ್ಲಿ ತಿಳೀತದೆ." ಆ ಬಿಸಿಯಲ್ಲಿ ಚಾಲೂ ಮಾಡಿದರೆ ಒಂದು ಗುಳ್ಳೆಯೂ ಇಲ್ಲ. "ನೋಡಿ, ಎಷ್ಟು ಸಾಧು! ಹಾಲು ಮುಟ್ಟಿಸಿ ಬಂದ ಮೇಲೆ ಕೀ ಸುಮಾ ತಂಗಿ ಹತ್ರ ಇರ್ಲಿ ಗಣಪಣ್ಣ. ನೋವು ಬಂದ್ರೆ ಮಾತ್ರ ಕೊಡ್ಲಿ. ಅಕ್ಕ ಕೇಳಿದ್ರೆ ಕೊಡೋದು ಬೇಡ."

ಬೀಳ್ಕೊಡಲು ನಾನೂ ಸರೋಜಳೂ ಏರಿನವರೆಗೆ ಹೋದೆವು. ಅರ್ಧ ಹತ್ತಿದವನು ನಿಂತ. ನನ್ನ ಗಾಡಿ ನಿಂತುಹೋಗಿದ್ದೂ ಅಲ್ಲೇ. ಎಡಗೈ ಎದೆಗೆ ಒತ್ತಿಕೊಂಡಿದ್ದ, ಬಾಯಿಂದ ಬಿಳಿ ಉಸಿರು ತುಂಡು ತುಂಡಾಗಿ ಬರುತ್ತಿತ್ತು.

"ಎಂತ ಆಯ್ತು?" ಸರೋಜ ಕೇಳಿದಳು.

"ಎಂತ ಇಲ್ಲ ಅಕ್ಕಾ. ಬೆಳಗ್ಗೆ ಹೊತ್ತು ಮಾತ್ರ ಹಿಂಗೆ. ಸ್ವಲ್ಪ ನಡೆದು ಮೈ ಬಿಸಿಯಾದ್ರೆ ಸರಿ. ಡಾಕ್ಟ್ರಿಗೂ ತೋರ್ಸಿದೀನಿ. ಕೆಲ್ಸ ಮುಗ್ಸಿ, ಊಟ ಮಾಡಿ, ಮಧ್ಯಾಹ್ನ ಹೋಗಿದ್ದೆ. ಎಂತ ಇಲ್ಲ ಅಂದ್ರು."

"ಗಾಡಿ ಬಿಸಿಯಾಗಿದ್ರೆ ಮುಟ್ಟೋದಿಲ್ಲ ಅಂತೀರಿ. ನೀವು ಮಾತ್ರ ಬಿಸಿಯಾದ ಮೇಲೆ ಡಾಕ್ಟ್ರ ಹತ್ರ ಹೋಗ್ತೀರಾ?"

ಲಾರೆನ್ಸ್ ನಕ್ಕ. ನಗು ಅರ್ಧಕ್ಕೇ ನಿಂತಿತು. ಏನೋ ಲೆಕ್ಕ ಹಾಕುವವನ ಹಾಗೆ ಅವಳನ್ನೇ ನೋಡಿದ. ಆಮೇಲೆ ಮಂಜಿನೊಳಗೆ ಹತ್ತಿಹೋದ.

ಮರುದಿನ ಮತ್ತೆ ಬಂದ. ಸುಮಾ ದಿಂಬಿನಡಿಯಿಂದ ಕೀ ತಂದುಕೊಟ್ಟಳು. ಬಾನೆಟ್ ಕಲ್ಲಿನ ಹಾಗೆ ತಣ್ಣಗಿತ್ತು. ಚಾಲೂ ಮಾಡಿದ್ದೇ ತಡ, ಆ ಪೈಪಿನೊಳಗೆ ಸಣ್ಣ ಸಣ್ಣ ಗುಳ್ಳೆಗಳು ಪೋಣಿಸಿದ ಹಾಗೆ ಹೊರಟವು. ಇಂಜಿನ್ ತಡೆಯಿತು. "ಬಾಯಿ ಬಿಡ್ತು!" ಎಂದು ಕೂಗಿ ಅಂಗಾತ ಗಾಡಿಯಡಿಗೆ ತೂರಿದ. ಟ್ಯಾಂಕಿನ ಪಕ್ಕದಲ್ಲಿ, ಕೆಸರು ಮೆತ್ತಿದ ಒಂದು ರಬ್ಬರ್ ಪೈಪು ಗಟ್ಟಿಯಾಗಿ ಬಿರಿದಿತ್ತು. ಚಳಿಗೆ ಬಿರುಕು ತೆರೆದು ಗಾಳಿ ಎಳೆಯುತ್ತಿತ್ತು, ಬಿಸಿಗೆ ರಬ್ಬರು ಹಿಗ್ಗಿ ಮುಚ್ಚಿಕೊಳ್ಳುತ್ತಿತ್ತು. ಹೊಸದು ಹಾಕಿದ. ಇಂಜಿನ್ ಒಂದೇ ಉಸಿರಿನಲ್ಲಿ ಓಡಿತು. ಗಾಡಿಯಡಿಯಿಂದ ಎದ್ದವನು ಮಾತ್ರ ಬಾಗಿಲು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ.

ಮುಂದಿನ ವಾರವೇ, ಇನ್ನೂ ಕಾಗೆ ಕೂಗದ ಹೊತ್ತಿನಲ್ಲಿ, ಸುಮಾ ಗೋಡೆ ಹಿಡಿದು ಬಂದು ಕೀ ಚಾಚಿದಳು. "ಅಪ್ಪಾ" ಎಂದಳು, ಅಷ್ಟೇ. ಮಂಜಿನಲ್ಲಿ ಹಲಸಿನ ಮರವೇ ಕಾಣುತ್ತಿರಲಿಲ್ಲ. ಏರಿನ ಅರ್ಧಕ್ಕೆ ಬಂದಾಗ ನನ್ನ ಉಸಿರು ನಿಂತಿತ್ತು, ಗಾಡಿಯದು ನಿಲ್ಲಲಿಲ್ಲ. ಆಪರೇಷನ್ ಮಾಡಿ ಬಂದ ಡಾಕ್ಟರಮ್ಮ, "ಇನ್ನು ಸ್ವಲ್ಪ ತಡ ಮಾಡಿದ್ದರೆ..." ಎಂದು ಮಾತು ಅಲ್ಲಿಗೇ ಬಿಟ್ಟರು. ಬಿಟ್ಟು, ಸುಮಾ ಹುಷಾರಾಗಿದ್ದಾಳೆಂದು ಹೇಳಿ, ಮೊಮ್ಮಗಳನ್ನು, ನನ್ನ ಚಿನ್ನವನ್ನು, ನನ್ನ ಕೈಗಿಟ್ಟರು. ಎಂಥ ಕೂದಲು, ಎಂಥ ಮುಷ್ಟಿ! ನಾನು ಆಸ್ಪತ್ರೆಯಲ್ಲಿ ಕಸ ಗುಡಿಸುವವರಿಂದ ಹಿಡಿದು ಎಲ್ಲರಿಗೂ ಕೈ ಮುಗಿದೆ. ಇದನ್ನು ಬರೆಯುತ್ತಿರುವ ಈಗಲೂ ಅವಳು ಮಡಿಲಲ್ಲಿ ಕೂತು ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ, ಅಕ್ಷರ ಸೊಟ್ಟಗಾದರೆ ಅದು ನನ್ನ ಪುಣ್ಯ.

ಜಿಲೇಬಿ ಹಿಡಿದುಕೊಂಡು ಗ್ಯಾರೇಜಿಗೆ ಹೋದೆ. ಮಧ್ಯಾಹ್ನದ ಬಿಸಿಲು, ಲಾರೆನ್ಸ್ ಹಾಡು ಗುನುಗುತ್ತ ನಟ್ಟು ಬಿಗಿಯುತ್ತಿದ್ದ.

"ಹುಟ್ಟಿದ ಕೂಡ್ಲೆ ಅತ್ತಿತಾ ಮಗು?"

"ಇಲ್ಲ ಮಾರಾಯ, ಸ್ವಲ್ಪ ತಡೆದು ಅತ್ತಿತಂತೆ. ಆಮೇಲೆ ನಿಲ್ಸಿದ್ರೆ ಕೇಳು!"

"ಚಳೀಲಿ ಹುಟ್ಟಿದ್ದಲ್ವಾ? ತಡೀತದೆ. ಬಿಸಿಯಾದ್ರೆ ಸರಿ" ಎಂದು ಗಹಗಹಿಸಿ ನಕ್ಕ. ಜಿಲೇಬಿ ಬಾಯಿಗಿಟ್ಟುಕೊಂಡು, "ಅಕ್ಕನಿಗೆ ಹೇಳಿ ಗಣಪಣ್ಣ. ಸೋಮವಾರ ಬೆಳಗ್ಗೆ, ಒಂದು ಲೋಟ ಚಹಾನೂ ಕುಡೀದೆ, ತಣ್ಣಗೆ ಹೋಗಿ ಡಾಕ್ಟ್ರ ಬಾಗಿಲಲ್ಲಿ ನಿಲ್ತೀನಿ. ಹಂಗೇ ನಿಮ್ಮನೆಗೆ ಬಂದು ಮಗೀನ ನೋಡ್ತೀನಿ" ಎಂದ.

ಸೋಮವಾರ ಹಾಲು ಮುಟ್ಟಿಸಿ ಬರುವಾಗ ಗ್ಯಾರೇಜಿನ ಮುಂದೆ ಜನ ನಿಂತಿದ್ದರು. ಒಗೆದ ಅಂಗಿ ಹಾಕಿಕೊಂಡು ಡಾಕ್ಟರ ಹತ್ತಿರ ಹೊರಟವನು, ಒಂದು ಜೀಪು ನೋಡಿಬಿಟ್ಟು ಹೋಗುತ್ತೇನೆ, ತಣ್ಣಗಿರುವುದು ಈಗಲೇ ಅಲ್ಲವಾ ಎಂದು ಎದುರಿನ ಹೋಟೆಲಿನವರಿಗೆ ಹೇಳಿ ರಸ್ತೆ ದಾಟಿದನಂತೆ. ಗ್ಯಾರೇಜಿನ ಬಾಗಿಲಲ್ಲೇ ಕುಸಿದನಂತೆ. ಆಸ್ಪತ್ರೆಗೆ ಒಯ್ಯುವ ಮೊದಲೇ ಮುಗಿದಿತ್ತು.

ತಗಡಿನಡಿಯಲ್ಲಿ ಆ ಜೀಪು ಹಾಗೇ ನಿಂತಿತ್ತು. ಹಿಂದಿನ ಸಂಜೆ ಯಾರೋ ಬಿಟ್ಟು ಹೋದದ್ದು. ನಾನು ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಇಬ್ಬನಿ ಕೂತಿತ್ತು. ಇನ್ನೂ ಯಾರೂ ಅದನ್ನು ಮುಟ್ಟಿರಲಿಲ್ಲ.