ನಮ್ಮ ಬೀದಿಯ ಕೆಮಿಸ್ಟ್ ಸಾರ್

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ವಿನೆಗರ್ ಬಾಟಲಿಯ ಮುಚ್ಚಳ ತೆಗೆದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಬತ್ತರ ದಶಕದಲ್ಲಿ ನಾವು ಬಾಡಿಗೆಗಿದ್ದ ಬಸವೇಶ್ವರನಗರದ ಮನೆ ಕಣ್ಣೆದುರು ಬಂತು. ಸಂಜೆ ಪಕ್ಕದ ಮನೆಯವರು ಸೈಕಲ್ಲಿಳಿದು ಗೇಟು ತೆಗೆಯುವಾಗ ಅವರ ಅಂಗಿಯಿಂದ ಬರುತ್ತಿದ್ದುದು ಇದೇ ವಾಸನೆ...

ಅವರು ಮಾಗಡಿ ರಸ್ತೆಯ ಕಡೆ ನೂಲಿಗೆ ಬಣ್ಣ ಹಾಕುವ ಒಂದು ಚಿಕ್ಕ ಕಾರ್ಖಾನೆಯಲ್ಲಿದ್ದರು. ಬಣ್ಣದ ತೊಟ್ಟಿಗೆ ಹಾಕುವ ಆಮ್ಲಕ್ಕೆ ಅದೇ ಹುಳಿ ವಾಸನೆ. ಬಣ್ಣ ಸರಿಯಾಗಿ ಹಿಡಿಯಿತೇ, ಒಗೆದರೆ ಬಿಡುತ್ತದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದರು. ಗೇಟಿನ ಪಕ್ಕದ ಫಲಕದಲ್ಲಿ ಹೆಸರಿನ ಕೆಳಗೆ 'ಕೆಮಿಸ್ಟ್' ಎಂದು ಬರೆಸಿದ್ದರು. ನಮ್ಮ ಬೀದಿಗೆ ಆ ಪದದ ಒಂದೇ ಅರ್ಥ ಗೊತ್ತಿತ್ತು: ಔಷಧಿ ಕೊಡುವವನು.

ಮೊದಮೊದಲು ಯಾರಾದರೂ ತಲೆನೋವಿಗೆ ಮಾತ್ರೆ ಕೇಳಿಕೊಂಡು ಬಂದರೆ ಅವರು ನಗುತ್ತಿದ್ದರು.

"ಅಯ್ಯೋ, ನಾನು ಆ ಕೆಮಿಸ್ಟ್ ಅಲ್ಲಮ್ಮ. ಬಣ್ಣದ ಕೆಮಿಸ್ಟ್."

"ಎಲ್ಲಾ ಒಂದೇ ಬಿಡಿ ಸಾರ್. ಓದಿರೋರು ನೀವು."

ಎಷ್ಟು ಜನಕ್ಕೆ ಎಷ್ಟು ಸಲ ಹೇಳುವುದು? ಔಷಧಿ ಅಂಗಡಿಯೂ ದೂರವಿತ್ತು. ಕೊನೆಗೆ ಹಳೆಯ ಬಿಸ್ಕತ್ತು ಡಬ್ಬಿಯಲ್ಲಿ ಜ್ವರದ, ಶೀತದ ಮಾತ್ರೆಗಳನ್ನು ತಂದಿಟ್ಟುಕೊಂಡರು. 'ಕೆಮಿಸ್ಟ್ ಸಾರ್' ಎಂದು ಕರೆಸಿಕೊಳ್ಳುವುದು ಅವರಿಗೂ ಹಿತವಾಗತೊಡಗಿತ್ತೇನೋ. ಕಾರ್ಖಾನೆಯಲ್ಲಿ ಅವರನ್ನು ಯಾರು ಸಾರ್ ಅನ್ನುತ್ತಿದ್ದರು...

ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ, ಕುರುಬರಹಳ್ಳಿಯಿಂದ ಸೊಪ್ಪು ಹೊತ್ತು ಬರುತ್ತಿದ್ದ ಅಜ್ಜಿ ಅವರ ಜಗಲಿಯ ಮೇಲೆ ಬುಟ್ಟಿ ಇಳಿಸಿ ಕೂತಳು. ನಾನು ನಮ್ಮ ವರಾಂಡದಲ್ಲಿ ಪೇಪರ್ ಓದುತ್ತಿದ್ದೆ.

"ಎದೆ ಉರೀತದೆ ಕೆಮಿಸ್ಟಪ್ಪ, ಏನಾರಾ ಕೊಡು."

"ರಾತ್ರಿ ಏನ್ ಊಟ ಮಾಡಿದ್ರಿ?"

"ಮುದ್ದೆ, ಹುಳ್ಳಿ ಸಾರು."

"ಹಾಗಾದ್ರೆ ಗ್ಯಾಸು," ಎಂದು ನಗುತ್ತಾ ಒಳಗೆ ಹೋಗಿ, ನಿಂಬೆರಸಕ್ಕೆ ಸೋಡಾಪುಡಿ ಹಾಕಿ ತಂದುಕೊಟ್ಟರು. ಅಜ್ಜಿ ಕುಡಿದು, ಜೋರಾಗಿ ತೇಗಿ, "ಹಗುರಾತು" ಎಂದಳು. ಬುಟ್ಟಿಯನ್ನು ಅವರೇ ಎತ್ತಿ ಅವಳ ತಲೆಗೆ ಕೊಟ್ಟರು.

ಅಜ್ಜಿ ಮನೆ ಮುಟ್ಟಲಿಲ್ಲ. ದಾರಿಯಲ್ಲೇ ಕುಸಿದಳಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು, ಹೃದಯಾಘಾತ ಅಂದರಂತೆ. ಮಾರನೇ ದಿನ ಹಾಲಿನವನಿಂದ ಸುದ್ದಿ ಬಂತು.

ಅವರು ಕಾಂಪೌಂಡಿನ ಆಚೆ ನಿಂತು ನನ್ನನ್ನು ಕರೆದರು. "ನೀವೂ ಅಲ್ಲೇ ಇದ್ರಲ್ಲ ಸಾರ್... ಅಜ್ಜಿ ಬೆವರ್ತಾ ಇದ್ರಾ?"

"ಬೇಸಿಗೆ ಅಲ್ವಾ, ಎಲ್ರೂ ಬೆವರ್ತಾರೆ," ಎಂದೆ.

"ಒಂದು ಹನಿ ಬಣ್ಣ ಹಾಕೋಕೂ ಹತ್ತು ಸಲ ನೋಡೋನು ನಾನು. ಅವ್ರ ಮುಖಾನೇ ಸರಿಯಾಗಿ ನೋಡ್ಲಿಲ್ಲ."

ಅಂದೇ ಫಲಕ ಕಿತ್ತರು. ಕುರುಬರಹಳ್ಳಿಗೆ ಹೋಗಿ ಅಜ್ಜಿಯ ಮಗಳಿಗೆ ನಡೆದದ್ದೆಲ್ಲ ಹೇಳಿದರು. ಆಕೆ ಬೈಯಲಿಲ್ಲ. "ನಮ್ಮವ್ವ ನಿಮ್ಮನ್ನ ಬಾಳ ನಂಬಿದ್ಲು ಸ್ವಾಮಿ" ಎಂದು ಕೈಮುಗಿದಳಂತೆ. ಬೈದಿದ್ದರೆ ಸ್ವಲ್ಪವಾದರೂ ನಿದ್ದೆ ಬರುತ್ತಿತ್ತು ಎಂದು ಆಮೇಲೆ ನನ್ನ ಬಳಿ ಹೇಳಿಕೊಂಡರು.

ಮುಂದೆ ಅವರು ಮಾಡಿದ್ದನ್ನು ನಾವ್ಯಾರೂ ಎಣಿಸಿರಲಿಲ್ಲ. ಕಾರ್ಖಾನೆಯ ಕೆಲಸ ಬಿಟ್ಟು, ತಮ್ಮ ಅರ್ಧ ವಯಸ್ಸಿನ ಹುಡುಗರ ಜೊತೆ ಕೂತು ಫಾರ್ಮಸಿ ಡಿಪ್ಲೊಮಾ ಓದಿದರು. ಸಂಜೆ ಪಿಯುಸಿ ಮಕ್ಕಳಿಗೆ ಪಾಠ ಹೇಳಿ ಸಂಸಾರ ತೂಗಿಸಿದರು. "ಎಂ.ಎಸ್ಸಿ. ಮಾಡ್ಕೊಂಡು ಈಗ ಮಾತ್ರೆ ಮಾರೋದು ಕಲೀತಾರಂತೆ ಕಣ್ರೀ" ಎಂದು ಅವರ ಹೆಂಡತಿ ನನ್ನವಳ ಮುಂದೆ ಅತ್ತರು. ಓದು ಮುಗಿಸಿ, ಕುರುಬರಹಳ್ಳಿಯಲ್ಲೇ ಒಂದು ಪುಟ್ಟ ಔಷಧಿ ಅಂಗಡಿ ತೆರೆದರು. ಬೀದಿ ಮೊದಲೇ ತಿಳಿದುಕೊಂಡಿದ್ದ ಕೆಮಿಸ್ಟೇ ಆಗಿಬಿಟ್ಟರು.

ಅಂಗಡಿಯೇನೋ ಆಯಿತು, ವ್ಯಾಪಾರ ಕುದುರಲಿಲ್ಲ. ಚೀಟಿಯಿಲ್ಲದೆ ಬಂದವರನ್ನು ಬೆಳಕಿಗೆ ನಿಲ್ಲಿಸಿ ಮುಖ ನೋಡುತ್ತಿದ್ದರು. ಎಲ್ಲಿ ನೋವು, ಯಾವಾಗಿನಿಂದ ಎಂದು ಕೇಳಿ, "ಮೊದ್ಲು ಡಾಕ್ಟ್ರಿಗೆ ತೋರಿಸ್ಕೊಂಡು ಬನ್ನಿ" ಎನ್ನುತ್ತಿದ್ದರು. ಜನ ಗೊಣಗಿಕೊಂಡು ಬೇರೆ ಅಂಗಡಿಗೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಗೃಹಪ್ರವೇಶದ ಊಟ ಮುಗಿಸಿ ಬರುವಾಗ ನನಗೇ ಎದೆಯಲ್ಲಿ ಉರಿ ಎದ್ದಿತು. ಅವರ ಅಂಗಡಿಗೆ ಹೋಗಿ ಗ್ಯಾಸಿಗೆ ಏನಾದರೂ ಕೊಡಿ ಎಂದೆ. ನನ್ನ ಮುಖ ನೋಡಿದವರೇ ಶಟರ್ ಎಳೆದರು. ನಾನು ಬೇಡ ಬೇಡವೆಂದರೂ ಆಟೋ ಹತ್ತಿಸಿದರು. ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ನೋಡಿದ ಡಾಕ್ಟರು, "ಏನಿಲ್ಲ, ಗ್ಯಾಸು. ಹೋಳಿಗೆ ಜಾಸ್ತಿ ಆಗಿರ್ಬೇಕು" ಎಂದರು. ನಾಚಿಕೆಯಿಂದ ನಗುತ್ತಾ ಹೊರಬಂದೆ. ಅವರು ಬೆಂಚಿನ ಮೇಲೆ ಕೂತು, ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು.

"ಆವತ್ತೂ ಹಿಂಗೇ ಒಂದು ಆಟೋ ಹತ್ತಿಸಿದ್ರೆ ಆಗ್ತಿತ್ತು ಅಲ್ವಾ ಸಾರ್?"

ನಾನು ಪಕ್ಕದಲ್ಲಿ ಕೂತೆ.

ಆಮೇಲೆ ನಾವು ಕೆಂಗೇರಿಯಲ್ಲಿ ಮನೆ ಕಟ್ಟಿಕೊಂಡು ಬಂದೆವು. ಓಡಾಟ ಕಡಿಮೆಯಾಯಿತು. ಹೋದ ವರ್ಷ ಅವರು ತೀರಿಕೊಂಡರು. ನನಗೆ ತಿಳಿಯುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ಆ ಭಾನುವಾರ ಅಜ್ಜಿ ನನ್ನ ಕಣ್ಣೆದುರಿಗೇ ಕೂತಿದ್ದಳು. ನಾನೂ ಅವಳ ಮುಖ ನೋಡಿರಲಿಲ್ಲ. ಅವರು ಕೇಳಿದಾಗ ಬೇಸಿಗೆಯ ಮಾತಾಡಿ ಜಾರಿಕೊಂಡೆ. 'ನಾನೂ ನೋಡ್ಲಿಲ್ಲ ಸಾರ್' ಎಂದಿದ್ದರೆ ಅಷ್ಟು ವರ್ಷ ಆ ಭಾರವನ್ನು ಅವರೊಬ್ಬರೇ ಹೊರಬೇಕಾಗಿರಲಿಲ್ಲವೇನೋ. ಈಗ ಹೇಳೋಣವೆಂದರೆ ಅವರಿಲ್ಲ.